ಪುಸ್ತಕ ಬರೆಯಲು ಕೂತಿದ್ದೀರಾ? ಅರ್ಧಕ್ಕೆ ನಿಲ್ಲದಂತೆ ಮುಗಿಸುವ ಬಗೆ

ಮೈಸೂರಿನಲ್ಲಿ ನಾನು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಪ್ರೆಸ್‌ಗೆ ಹೋಗುವ ಮುಂಚೆ ಪುಸ್ತಕ ನನ್ನ ಮೇಜಿಗೆ ಬರುತ್ತದೆ. ಆದರೆ ಮುಗಿದ ಪುಸ್ತಕಗಳಿಗಿಂತ ಅರ್ಧಕ್ಕೆ ನಿಂತವೇ ಜಾಸ್ತಿ ಬರುತ್ತವೆ. "ಸ್ವಲ್ಪ ನೋಡಿ, ಮುಂದಕ್ಕೆ ಹೋಗ್ತಾನೇ ಇಲ್ಲ" ಅಂತ ತಂದುಕೊಡುತ್ತಾರೆ.

ಮಂಡ್ಯದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ತಮ್ಮೂರಿನ ಆಲೆಮನೆಗಳ ಬಗ್ಗೆ ಬರೆಯುತ್ತಿದ್ದರು. ಬಟ್ಟೆ ಅಂಗಡಿಯ ಚೀಲದಲ್ಲಿ ದಪ್ಪ ಕಟ್ಟು ತಂದರು. ಬಿಚ್ಚಿ ನೋಡಿದರೆ ಎಲ್ಲವೂ ಮೊದಲನೇ ಅಧ್ಯಾಯ. 11 ಸಲ ಬರೆದಿದ್ದರು, ಪ್ರತಿ ಸಲವೂ ಹೊಸ ಹಾಳೆಯಲ್ಲಿ, ಅದೇ ದುಂಡು ಅಕ್ಷರದಲ್ಲಿ. "ಮೇಷ್ಟ್ರೇ, ಎರಡನೇದು ಎಲ್ಲಿ?" ಅಂತ ಕೇಳಿದೆ. "ಮೊದಲನೇದೇ ಇನ್ನೂ ಹದಕ್ಕೆ ಬಂದಿಲ್ಲ ಕಣಮ್ಮ" ಅಂದರು. ದಿನಾ ತಪ್ಪದೆ ಕೂರುತ್ತಿದ್ದ ಮನುಷ್ಯ ಅವರು. ಸೋಮಾರಿತನ ಅವರ ಹತ್ತಿರವೂ ಸುಳಿಯುವುದಿಲ್ಲ.

ಬಹಳ ಜನ ಎಡವುವುದು ಇಂಥ ನಾಲ್ಕೈದು ಜಾಗಗಳಲ್ಲೇ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಒಂದು, ಎರಡನ್ನು ಬಿಟ್ಟು ನೇರವಾಗಿ ನಾಲ್ಕಕ್ಕೆ ಹೋದವರು ಎರಡು ತಿಂಗಳಲ್ಲಿ ಮತ್ತೆ ನನ್ನ ಬಳಿ ಬಂದಿದ್ದಾರೆ.

ಬೇಕಾಗುವ ಸಾಮಾನು

200 ಪುಟದ ಒಂದು ಉದ್ದ ನೋಟ್‌ಬುಕ್. ಗೋಡೆಗೆ ಹಾಕುವ ಕ್ಯಾಲೆಂಡರ್. ಮನೆಯಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಗುರುತು ಮಾಡುತ್ತೀರಲ್ಲ, ಅದೇ ಸಾಕು. ಒಂದು ಅಲಾರಂ ಗಡಿಯಾರ. ಫೋನಿನ ಅಲಾರಂ ಬೇಡ, ಯಾಕೆಂದರೆ ಬರೆಯುವಾಗ ಫೋನ್ ಇನ್ನೊಂದು ಕೋಣೆಯಲ್ಲಿರಬೇಕು.

ಕೈಯಲ್ಲಿ ಬರೆಯುವುದೋ ಟೈಪ್ ಮಾಡುವುದೋ ನಿಮಗೆ ಬಿಟ್ಟಿದ್ದು. ಕೈಯಲ್ಲಿ ಬರೆದರೆ ಅವತ್ತಿನ ಹಾಳೆಗಳ ಫೋಟೊವನ್ನು ಅವತ್ತೇ ತೆಗೆದಿಡಿ. ಟೈಪ್ ಮಾಡಿದರೆ ಯೂನಿಕೋಡ್‌ನಲ್ಲೇ ಮಾಡಿ, ಅಂದರೆ ಯಾವ ಫೋನ್, ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿಯಲ್ಲಿ. "ನುಡಿ", "ಬರಹ" ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೀಚಿದ ಹಾಗೆ ಕಾಣುತ್ತದೆ. ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿ ಅಕ್ಷರ ಮೂಡಿಸುವ ಸೌಲಭ್ಯವೂ ಇದೆ. ಕಣ್ಣು, ಕೈ ಸೋತವರಿಗೆ ಅದು ದೊಡ್ಡ ಉಪಕಾರ. ಪೂರ್ಣವಿರಾಮಗಳನ್ನು ಆಮೇಲೆ ಹಾಕಿಕೊಳ್ಳಬಹುದು.

ಹೊಸ ಲ್ಯಾಪ್‌ಟಾಪ್, ಹೊಸ ಮೇಜು ಬಂದ ಮೇಲೆ ಶುರು ಮಾಡುತ್ತೇನೆ ಅಂದುಕೊಳ್ಳಬೇಡಿ. ಇರುವುದರಲ್ಲೇ ಶುರು ಮಾಡಿ.

1. ಪುಸ್ತಕವನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ

ಏನು ಬರೆಯಬೇಕು ಅನ್ನುವುದನ್ನು ದಿನಾ ಬೆಳಿಗ್ಗೆ ಕೂತು ತೀರ್ಮಾನಿಸುವುದಾದರೆ ಶಿಸ್ತು ಹತ್ತು ದಿನವೂ ಉಳಿಯುವುದಿಲ್ಲ. ಅರ್ಧ ಗಂಟೆ ಯೋಚನೆಯಲ್ಲೇ ಹೋಗುತ್ತದೆ, ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಹಾಗಾಗಿ ತೀರ್ಮಾನವೆಲ್ಲ ಒಮ್ಮೆಲೇ ಆಗಿಬಿಡಲಿ.

ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ಒಂದು ಸಾಲು: ಈ ಪುಸ್ತಕ ಯಾರಿಗೆ, ಅವರಿಗೆ ಏನು ಹೇಳಬೇಕು. ಕೆಳಗೆ ಎಂಟು ಹತ್ತು ಅಧ್ಯಾಯ. ಪ್ರತಿ ಅಧ್ಯಾಯವನ್ನೂ ಪ್ರಶ್ನೆಯಾಗಿ ಬರೆಯಿರಿ. ಮೇಷ್ಟ್ರ ಹಾಳೆಯಲ್ಲಿ ಮೊದಲು "ಆಲೆಮನೆಯ ವೈಭವ", "ಬೆಲ್ಲದ ಮಹಿಮೆ" ಅಂತೆಲ್ಲ ಇತ್ತು. ಇಬ್ಬರೂ ಕೂತು ಬದಲಾಯಿಸಿದೆವು:

ಗದ್ದೆಯಿಂದ ಗಾಣದ ಬಾಯಿಗೆ ಕಬ್ಬು ಬರುವವರೆಗೆ ಎಷ್ಟು ಜನರ ಕೈ ದಾಟುತ್ತದೆ?
ಪಾಕ ಹದಕ್ಕೆ ಬಂದಿದ್ದು ಕೊಪ್ಪರಿಗೆ ಮುಂದೆ ನಿಂತವನಿಗೆ ಹೇಗೆ ಗೊತ್ತಾಗುತ್ತದೆ?
ರಾತ್ರಿಯೆಲ್ಲ ಒಲೆಗೆ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ಹಾಕುತ್ತಿದ್ದವರು ಏನು ಮಾತಾಡಿಕೊಳ್ಳುತ್ತಿದ್ದರು?

"ಮಹಿಮೆ" ಅಂತಿದ್ದಾಗ ಅವರಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿರಲಿಲ್ಲ. ಪಾಕದ ಪ್ರಶ್ನೆ ಓದಿದ ಕೂಡಲೇ, ಸೌಟಿನಲ್ಲಿ ಸ್ವಲ್ಪ ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡುತ್ತಿದ್ದ ತಮ್ಮ ಚಿಕ್ಕಪ್ಪನ ಬಗ್ಗೆ ಬಾಯಲ್ಲೇ ಹೇಳಲು ಶುರು ಮಾಡಿದರು. "ಇದನ್ನೇ ಬರೀರಿ ಮೇಷ್ಟ್ರೇ" ಅಂದೆ. ಪ್ರಶ್ನೆ ಇದ್ದರೆ ಕೈ ತಾನಾಗಿ ಉತ್ತರಕ್ಕೆ ಹೋಗುತ್ತದೆ.

ಈ ಹಾಳೆಗೆ ಒಂದು ವಾರ ಕೊಡಿ, ಅದಕ್ಕಿಂತ ಜಾಸ್ತಿ ಬೇಡ. ಬರೆಯುತ್ತಾ ಹೋದಂತೆ ಪ್ರಶ್ನೆಗಳು ಬದಲಾಗುತ್ತವೆ, ಆಗಲಿ.

2. ಲೆಕ್ಕ ಹಾಕಿ, ಬಿಡುವನ್ನೂ ಲೆಕ್ಕದಲ್ಲೇ ಸೇರಿಸಿ

"ದೊಡ್ಡ ಪುಸ್ತಕ" ಅನ್ನುವುದು ಹೆದರಿಸುತ್ತದೆ. ಅಂಕಿ ಹೆದರಿಸುವುದಿಲ್ಲ. ಕನ್ನಡದಲ್ಲಿ ಹೆಚ್ಚಾಗಿ ಅಚ್ಚಾಗುವುದು ಡೆಮಿ 1/8 ಆಕಾರದಲ್ಲಿ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯಲ್ಲಿ. 16 ಪುಟಕ್ಕೆ ಒಂದು ಫಾರಂ. 10 ಫಾರಂ ಅಂದರೆ 160 ಪುಟ. ಮೊದಲ ಪುಸ್ತಕಕ್ಕೆ ಇದು ಒಳ್ಳೆಯ ಅಳತೆ. ಮುನ್ನುಡಿ, ಪರಿವಿಡಿಗೆ 10 ಪುಟ ಬಿಟ್ಟರೆ ಉಳಿಯುವುದು 150. ಪುಟಕ್ಕೆ ಸುಮಾರು 220 ಪದ ಹಿಡಿಯುತ್ತದೆ ಅಂದುಕೊಳ್ಳಿ. ಒಟ್ಟು 33,000 ಪದ.

ಒಂದು ಸಲ ಕೂತಾಗ 250 ಪದ ಬರೆದರೆ 132 ಸಲ ಕೂರಬೇಕು. ವಾರಕ್ಕೆ 5 ದಿನ ಅಂದರೆ 27 ವಾರ. ಈ 27 ವಾರವನ್ನು ಒಂಬತ್ತು ತಿಂಗಳಲ್ಲಿ ಹರಡಿ.

ಯಾಕೆ ಒಂಬತ್ತು? ಮೈಸೂರಿನಲ್ಲಿದ್ದರೆ ದಸರಾದ ಹತ್ತು ದಿನ ಮನೆ ತುಂಬ ನೆಂಟರು. ಗೌರಿ–ಗಣೇಶ, ಯುಗಾದಿ, ಮದುವೆಯ ತಿಂಗಳುಗಳು ಬೇರೆ. ಮಂಡ್ಯದ ಕಡೆ ಬೇಸಾಯ ಇರುವವರಿಗೆ ನಾಲೆಗೆ ನೀರು ಬಿಟ್ಟರೆ ನಾಟಿ ಮುಗಿಯುವವರೆಗೂ ಪೆನ್ನು ಹಿಡಿಯಲು ಆಗುವುದಿಲ್ಲ. ಇವೆಲ್ಲ ಮೊದಲೇ ಗೊತ್ತಿರುವ ದಿನಗಳು ಅಲ್ವಾ? ಕ್ಯಾಲೆಂಡರಿನಲ್ಲಿ ಈಗಲೇ ಅಡ್ಡಗೆರೆ ಎಳೆದುಬಿಡಿ. ಮೊದಲೇ ಬಿಡುವು ಅಂತ ಬರೆದ ದಿನ ಬರೆಯದಿದ್ದರೆ ಮನಸ್ಸಿಗೆ ಚುಚ್ಚುವುದಿಲ್ಲ. ಚುಚ್ಚದಿದ್ದರೆ ವಾಪಸ್ ಬರುವುದು ಸುಲಭ.

ಇಲ್ಲಿ ಆಗುವ ತಪ್ಪು ಒಂದೇ. ದಿನಕ್ಕೆ 1,000 ಪದ ಅಂತ ಇಟ್ಟುಕೊಳ್ಳುವುದು. ಕೆಲಸಕ್ಕೆ ಹೋಗಿ ಬಂದು, ಮನೆ ನೋಡಿಕೊಂಡು ಅಷ್ಟು ಬರೆದವರು ನನಗೆ ಸಿಕ್ಕಿಲ್ಲ. ಮೊದಲ ತಿಂಗಳು 250 ಕೂಡ ಕಷ್ಟವಾದರೆ 150 ಇಟ್ಟುಕೊಳ್ಳಿ.

3. ಹೊತ್ತನ್ನು ಯಾವುದಕ್ಕಾದರೂ ಕಟ್ಟಿಹಾಕಿ

"ಬಿಡುವಾದಾಗ ಬರೆಯುತ್ತೇನೆ" ಅಂದರೆ ಬಿಡುವು ಆಗುವುದಿಲ್ಲ. "ಬೆಳಿಗ್ಗೆ ಐದಕ್ಕೆ" ಅನ್ನುವುದು ಪರವಾಗಿಲ್ಲ. ಅದಕ್ಕಿಂತ ಒಳ್ಳೆಯದು, ಈಗಾಗಲೇ ದಿನಾ ನಡೆಯುವ ಒಂದು ಕೆಲಸದ ಬೆನ್ನಿಗೆ ಬರವಣಿಗೆಯನ್ನು ಕಟ್ಟುವುದು. ಹಾಲು ಕಾಯಿಸಿ ಕಾಫಿ ಕುಡಿದ ಮೇಲೆ. ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿದ ಮೇಲೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ.

ಮೈಸೂರಿನಿಂದ ಮಂಡ್ಯಕ್ಕೆ ದಿನಾ ರೈಲಿನಲ್ಲಿ ಹೋಗುವ ಬ್ಯಾಂಕ್ ಉದ್ಯೋಗಿ ಒಬ್ಬಳಿದ್ದಾಳೆ. ಮೈಸೂರು ಬಿಟ್ಟು ಶ್ರೀರಂಗಪಟ್ಟಣದವರೆಗೆ ಗೆಳತಿಯರ ಜೊತೆ ಮಾತು, ತಿಂಡಿ. ಕಾವೇರಿ ಸೇತುವೆ ಮೇಲೆ ರೈಲಿನ ಸದ್ದು ಬದಲಾಗುತ್ತದಲ್ಲ, ಅಲ್ಲಿಗೆ ಅವಳು ಫೋನ್ ತೆಗೆದು ಟೈಪ್ ಮಾಡಲು ಶುರು. ಪಾಂಡವಪುರ, ಯಲಿಯೂರು ದಾಟಿ ಮಂಡ್ಯ ಬರುವವರೆಗೆ ಬೇರೆ ಏನೂ ಇಲ್ಲ. ಜೊತೆಯವರಿಗೂ ಅಭ್ಯಾಸವಾಗಿದೆ, ಸೇತುವೆ ಬಂದರೆ ಅವರೇ ಮಾತು ನಿಲ್ಲಿಸುತ್ತಾರೆ. ಕವಿತೆಯಲ್ಲ, 140 ಪುಟದ ಕಾದಂಬರಿಯನ್ನು ಹಾಗೆ ಮುಗಿಸಿದಳು.

ಜಾಗವೂ ಒಂದೇ ಇರಲಿ. ಅಡುಗೆಮನೆ ಮೇಜಿನ ಒಂದು ಮೂಲೆಯಾದರೂ ಸರಿ. ಮನೆಯಲ್ಲಿ ಆಗುವುದೇ ಇಲ್ಲ ಅನ್ನುವವರು ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿ ಬಂದರೆ ಯೋಚನೆ ಚೆನ್ನಾಗಿ ಬರುತ್ತದೆ, ನಿಜ. ಆದರೆ ನಡಿಗೆಯನ್ನು ಬರವಣಿಗೆಯ ಲೆಕ್ಕಕ್ಕೆ ಸೇರಿಸಬೇಡಿ.

ಮನೆಯವರಿಗೆ ಬಾಯಿಬಿಟ್ಟು ಹೇಳಿ. ಹೆಂಗಸರು ಇದನ್ನು ಹೇಳುವುದೇ ಇಲ್ಲ, ಕದ್ದು ಬರೆಯುತ್ತಾರೆ. "ಏಳರಿಂದ ಏಳೂ ಮುಕ್ಕಾಲರವರೆಗೆ ನನ್ನನ್ನು ಕರೀಬೇಡಿ, ಏನಿದ್ದರೂ ಆಮೇಲೆ" ಅಂತ ಒಂದು ಸಲ ಗಟ್ಟಿಯಾಗಿ ಹೇಳಿ. ಮೊದಲ ವಾರ ಕರೆಯುತ್ತಾರೆ. ಏಳಬೇಡಿ. ಎರಡನೇ ವಾರಕ್ಕೆ ಅವರೇ ಸಾಸಿವೆ ಡಬ್ಬ ಹುಡುಕಿಕೊಳ್ಳುತ್ತಾರೆ.

4. ಕೂತ 45 ನಿಮಿಷದಲ್ಲಿ ಏನೇನು ಮಾಡಬೇಕು

ಮೊದಲ 5 ನಿಮಿಷ: ನಿನ್ನೆ ಬರೆದದ್ದರ ಕೊನೆಯ ಅರ್ಧ ಪುಟವನ್ನು ಮಾತ್ರ ಓದಿ. ಪೆನ್ನು ಕೈಯಲ್ಲಿ ಬೇಡ. ಕೈಯಲ್ಲಿದ್ದರೆ ತಿದ್ದುತ್ತೀರಿ.

ಮುಂದಿನ 35 ನಿಮಿಷ: ಬರೆಯಿರಿ. ಒಂದು ಹೆಸರೋ ಇಸವಿಯೋ ನೆನಪಾಗದಿದ್ದರೆ ಅಲ್ಲೇ ಒಂದು ಚೌಕ ಹಾಕಿ, ಒಳಗೆ "ಹುಡುಕು" ಅಂತ ಬರೆದು ಮುಂದೆ ಹೋಗಿ. "ಗೆಜೆಟಿಯರ್ ನೋಡಿ ಬರೀತೀನಿ" ಅಂತ ಎದ್ದವರು ಮೂರು ದಿನ ಆ ಜಿಲ್ಲಾ ವಿವರಗಳ ಸರ್ಕಾರಿ ಗ್ರಂಥ ಓದಿ, ಅಲ್ಲಿ ಸಿಕ್ಕಿದ ಇನ್ನೊಂದು ವಿಷಯದ ಹಿಂದೆ ಹೋಗುತ್ತಾರೆ. ಶನಿವಾರವನ್ನು ಹುಡುಕುವ ದಿನ ಅಂತ ಇಟ್ಟುಕೊಳ್ಳಿ. ವಾರದ ಚೌಕಗಳೆಲ್ಲ ಅವತ್ತು ತುಂಬಲಿ.

ಕೊನೆಯ 5 ನಿಮಿಷ ಇಡೀ ವಿಧಾನದ ಜೀವ. ಇದನ್ನು ತಪ್ಪಿಸಬೇಡಿ. ನೋಟ್‌ಬುಕ್ಕಿನಲ್ಲಿ ನಾಳೆ ಬರೆಯಬೇಕಾದ ಮೊದಲ ಸಾಲನ್ನು ಇವತ್ತೇ ಬರೆದಿಡಿ. ನಾನು ಇದನ್ನು "ನಾಳೆಯ ಸಾಲು" ಅನ್ನುತ್ತೇನೆ. ನನ್ನ ನೋಟ್‌ಬುಕ್ಕಿನ ಒಂದು ದಿನ ಹೀಗಿದೆ:

"ಮಂಗಳವಾರ. 6.10ರಿಂದ 6.50. 230 ಪದ. ಅಜ್ಜಿ ಬಾವಿ ಕಟ್ಟೆಯಿಂದ ಏಳುವವರೆಗೆ ಆಯ್ತು. ನಾಳೆಯ ಸಾಲು: ಕೊಡ ಬಾವಿಗೆ ಬಿದ್ದ ಸದ್ದು ಕೇಳಿ ಮೊದಲು ಹೊರಗೆ ಬಂದಿದ್ದು ಎದುರು ಮನೆಯವರು."

ಇಷ್ಟಿದ್ದರೆ ಬುಧವಾರ ಕೂತ ತಕ್ಷಣ ಕೈಗೆ ಕೆಲಸ ಇರುತ್ತದೆ. ಬರವಣಿಗೆ ಚೆನ್ನಾಗಿ ಓಡುತ್ತಿರುವಾಗಲೇ ನಿಲ್ಲಿಸಿ, ಪೂರ್ತಿ ಬರಿದಾಗುವವರೆಗೆ ಬರೆಯಬೇಡಿ. ಒಂದು ದಿನ 900 ಪದ ಬರೆದು ಖುಷಿಪಟ್ಟವರು ಮರುದಿನ ಏನೂ ಉಳಿಯದೆ ಖಾಲಿ ಹಾಳೆ ನೋಡುತ್ತಾ ಕೂತಿದ್ದನ್ನು ಕಂಡಿದ್ದೇನೆ. ಮೊಸರು ಮಾಡಲು ಸ್ವಲ್ಪ ಹೆಪ್ಪು ಉಳಿಸುತ್ತೇವಲ್ಲ, ಹಾಗೆ ಸ್ವಲ್ಪ ಉಳಿಸಿ ಏಳಿ.

ಆಮೇಲೆ ಕ್ಯಾಲೆಂಡರಿನಲ್ಲಿ ಒಂದು ಗುರುತು. ಪದದ ಸಂಖ್ಯೆ ಬೇಡ, ಕೂತಿದ್ದಕ್ಕೆ ಒಂದು ಗುರುತು ಅಷ್ಟೇ. 40 ಪದ ಬರೆದ ದಿನಕ್ಕೂ ಅದೇ ಗುರುತು.

5. ಮೊದಲ ಕರಡು ಮುಗಿಯುವವರೆಗೆ ಹಿಂದಕ್ಕೆ ಹೋಗಬೇಡಿ

ಮೇಷ್ಟ್ರ ಕತೆ ಇದೇ. ಮೊದಲ ಅಧ್ಯಾಯ ಸರಿಯಾಗದೆ ಎರಡನೆಯದಕ್ಕೆ ಹೇಗೆ ಹೋಗುವುದು ಅನ್ನಿಸುವುದು ಸಹಜ. ಆದರೆ ಮೊದಲ ಅಧ್ಯಾಯ ಹೇಗಿರಬೇಕು ಅನ್ನುವುದು ಕೊನೆಯ ಅಧ್ಯಾಯ ಬರೆದ ಮೇಲೇ ಗೊತ್ತಾಗುವುದು. ನಾನು ಕರಡು ನೋಡಿದ ಎಷ್ಟೋ ಪುಸ್ತಕಗಳಲ್ಲಿ ಮೊದಲ ಎಂಟು ಹತ್ತು ಪುಟ ಕಡೆಗೆ ತೆಗೆದೇ ಹಾಕಿದ್ದಾರೆ. ಅದನ್ನೇ ಒಂದು ವರ್ಷ ಉಜ್ಜಿದ್ದರೆ?

ಹಿಂದಿನ ಅಧ್ಯಾಯದಲ್ಲಿ ತಪ್ಪು ಹೊಳೆದರೆ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದಿಡಿ: "ಎರಡನೇ ಅಧ್ಯಾಯ, ಚಿಕ್ಕಪ್ಪನ ವಯಸ್ಸು ತಪ್ಪು." ತಿದ್ದಿಯಾಗಿದೆ ಅಂದುಕೊಂಡು ಮುಂದೆ ಬರೆಯಿರಿ. ಮುಗಿದ ಅಧ್ಯಾಯದ ಹಾಳೆಗಳನ್ನು ಕವರಿಗೆ ಹಾಕಿ ಅಂಟಿಸಿ. ಕಂಪ್ಯೂಟರಿನಲ್ಲಾದರೆ ಬೇರೆ ಫೋಲ್ಡರಿಗೆ ಸರಿಸಿ.

ಮೇಷ್ಟ್ರ 11 ಪ್ರತಿಗಳೂ ಈಗ ನನ್ನ ಬೀರುವಿನಲ್ಲಿವೆ. ಪುಸ್ತಕ ಮುಗಿಯುವವರೆಗೆ ನಾನು ಕೇಳಿದರೂ ಕೊಡಬೇಡಮ್ಮ ಅಂತ ಅವರೇ ಹೇಳಿ ಹೋಗಿದ್ದಾರೆ. ಮೊನ್ನೆ ಆರನೇ ಅಧ್ಯಾಯದಲ್ಲಿದ್ದರು.

ಇನ್ನೊಂದು ಮಾತು. ಅರ್ಧ ಬರೆದ ಅಧ್ಯಾಯವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. "ಸೂಪರ್" ಅಂದರೂ ಕೆಡುಕು, ಸುಮ್ಮನಿದ್ದರೂ ಕೆಡುಕು. ಎರಡೂ ಮರುದಿನದ ಕೂತುಕೊಳ್ಳುವಿಕೆಗೆ ಅಡ್ಡ ಬರುತ್ತವೆ.

6. ಬಿಟ್ಟುಹೋದರೆ ವಾಪಸ್ ಬರುವ ದಾರಿ

ಬಿಟ್ಟುಹೋಗಿಯೇ ಹೋಗುತ್ತದೆ. ಒಂಬತ್ತು ತಿಂಗಳಲ್ಲಿ ಒಂದು ಜ್ವರ, ಒಂದು ಸಾವು, ಒಂದು ಮದುವೆ ಇಲ್ಲದ ಮನೆ ಯಾವುದು? ಪುಸ್ತಕಗಳು ನಿಲ್ಲುವುದು ಬಿಟ್ಟ ದಿನಗಳಿಂದಲ್ಲ, ವಾಪಸ್ ಬರುವಾಗ ಮಾಡುವ ತಪ್ಪಿನಿಂದ.

ನನ್ನ ಎರಡನೇ ಪುಸ್ತಕದ ಹೊತ್ತಿಗೆ ಅಪ್ಪನಿಗೆ ಹುಷಾರು ತಪ್ಪಿತು. ಮೂರು ವಾರ ಆಸ್ಪತ್ರೆ. ಒಂದು ಪದ ಬರೆಯಲಿಲ್ಲ. ಅಪ್ಪ ಮನೆಗೆ ಬಂದ ಮೇಲೆ ಕೂತು ಬಾಕಿ ಲೆಕ್ಕ ಹಾಕಿದೆ: 15 ದಿನಕ್ಕೆ 3,750 ಪದ. ದಿನಕ್ಕೆ 800 ಬರೆದು ತೀರಿಸಿಬಿಡುತ್ತೇನೆ ಅಂದುಕೊಂಡೆ. ಎರಡು ದಿನ ಬರೆದೆ. ಮೂರನೇ ದಿನ ಮೇಜು ನೋಡಿದರೇ ಸಾಲ ಕೊಟ್ಟವನು ಬಾಗಿಲಲ್ಲಿ ನಿಂತ ಹಾಗೆ ಅನ್ನಿಸಿತು. ಆ ಪುಸ್ತಕ 14 ತಿಂಗಳು ನಿಂತಿತು. ಮೂರು ವಾರದ ಬಿಡುವು ಅದನ್ನು ನಿಲ್ಲಿಸಲಿಲ್ಲ, 800 ಪದದ ಆ ಹಟ ನಿಲ್ಲಿಸಿತು.

ಆದ್ದರಿಂದ ಬಾಕಿ ತೀರಿಸಲು ಹೋಗಬೇಡಿ. ಬಿಟ್ಟ ದಿನ ಹೋಯಿತು, ಮುಗಿಸುವ ತಾರೀಖನ್ನು ಅಷ್ಟು ದಿನ ಮುಂದಕ್ಕೆ ಹಾಕಿ.

ಎರಡು ಮೂರು ದಿನ ಬಿಟ್ಟಿದ್ದರೆ, ಕೊನೆಯಲ್ಲಿ ಬರೆದ ಪುಟವನ್ನು ಹೊಸ ಹಾಳೆಯಲ್ಲಿ ಹಾಗೇ ನಕಲು ಮಾಡಿ. ಹತ್ತು ಸಾಲು ನಕಲು ಮಾಡುವಷ್ಟರಲ್ಲಿ ಆ ಧಾಟಿ ಕೈಗೆ ಬಂದಿರುತ್ತದೆ. ನಾಳೆಯ ಸಾಲು ಅಲ್ಲೇ ಕಾಯುತ್ತಿರುತ್ತದೆ.

ಎರಡು ಮೂರು ವಾರ ಬಿಟ್ಟಿದ್ದರೆ, ಮೊದಲಿನಿಂದ ಓದಲು ಕೂರಬೇಡಿ. ಓದಿದರೆ ತಿದ್ದಲು ಇಳಿಯುತ್ತೀರಿ. ಕೊನೆಯ ಐದು ಪುಟ ಸಾಕು. ಆಮೇಲೆ ನಂಬಿಕೆಯ ಒಬ್ಬರಿಗೆ, ಮುಂದೆ ಏನಾಗುತ್ತದೆ ಅಂತ ಹತ್ತು ನಿಮಿಷ ಬಾಯಲ್ಲಿ ಹೇಳಿ. ಮೊದಲ ವಾರ ದಿನಕ್ಕೆ ಬರೀ 15 ನಿಮಿಷ. ಜಾಸ್ತಿ ಬರೆಯಬೇಕು ಅನ್ನಿಸಿದರೂ ಏಳಿ.

ಎರಡು ತಿಂಗಳು ದಾಟಿದ್ದರೆ ಮೊದಲ ಹಂತದ ಹಾಳೆಯನ್ನು ಹೊಸದಾಗಿ ಬರೆಯಿರಿ. ಹಳೆಯದನ್ನು ನೋಡದೆ ಬರೆದು, ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಡಿ. ಎರಡರಲ್ಲೂ ಇರುವ ಪ್ರಶ್ನೆಯೇ ನಿಮಗೆ ನಿಜವಾಗಿ ಮುಖ್ಯವಾದದ್ದು. ಅಲ್ಲಿಂದ ಶುರು ಮಾಡಿ, ಅದು ನಡುವಿನ ಅಧ್ಯಾಯವಾದರೂ ಸರಿ.

ಅಪಾಯದ ಸೂಚನೆಗಳು

ಪುಸ್ತಕ ನಿಲ್ಲುವ ಮುಂಚೆ ಸೂಚನೆ ಕೊಡುತ್ತದೆ. ಇವು ಕಂಡರೆ ಅದೇ ವಾರ ಎಚ್ಚೆತ್ತುಕೊಳ್ಳಿ.

ಬರೆಯುವುದಕ್ಕಿಂತ ಬರೆಯುತ್ತಿರುವುದರ ಬಗ್ಗೆ ಮಾತಾಡುವುದು ಜಾಸ್ತಿಯಾಗಿದೆ. ಎಲ್ಲ ಹೇಳಿಯಾದ ಮೇಲೆ ಬರೆಯುವ ಹಸಿವು ಇಂಗುತ್ತದೆ.

ಪುಸ್ತಕದ ಹೆಸರನ್ನೋ ಮುಖಪುಟವನ್ನೋ ಬದಲಾಯಿಸುತ್ತಾ ಕೂತಿದ್ದೀರಿ.

"ಇನ್ನೊಂದೇ ಪುಸ್ತಕ ಓದಿಬಿಟ್ಟರೆ ಆಯ್ತು" ಅನ್ನುವ ಮಾತು ಎರಡನೇ ಸಲ ಬಂದಿದೆ.

ನಾಳೆಯ ಸಾಲು ಬರೆಯದೆ ಎದ್ದ ದಿನಗಳು ಸತತ ಮೂರಾಗಿವೆ. ನನ್ನ ಅನುಭವದಲ್ಲಿ ಬೇರೆ ಎಲ್ಲ ಸೂಚನೆಗಳಿಗಿಂತ ಮೊದಲು ಕಾಣುವುದು ಇದು.

ಇನ್ನೊಂದಿದೆ, ಇದಕ್ಕೆ ಬಹಳ ಜನ ಮೋಸಹೋಗುತ್ತಾರೆ: ಹೊಸ ಪುಸ್ತಕದ ಯೋಚನೆ. ಸಾಮಾನ್ಯವಾಗಿ ಅರ್ಧ ದಾರಿಯಲ್ಲಿ, ಕೆಲಸ ತೀರಾ ಭಾರವಾದಾಗ ಬರುತ್ತದೆ. ತುಂಬ ಹೊಳಪಾಗಿ ಕಾಣುತ್ತದೆ. ಒಂದು ಪುಟದಲ್ಲಿ ಅದನ್ನು ಬರೆದು, ತಾರೀಖು ಹಾಕಿ ಮಡಚಿಡಿ. ಕೈಯಲ್ಲಿರುವುದು ಮುಗಿದ ಮೇಲೂ ಹೊಳಪು ಉಳಿದಿದ್ದರೆ ಅದನ್ನು ಬರೆಯಬಹುದು.

ಒಂದು ಎಚ್ಚರಿಕೆ. ಕೂತಾಗಲೆಲ್ಲ ಅಳು ಬರುವುದು, ನಿದ್ದೆ ಕೆಡುವುದು ಆಗುತ್ತಿದ್ದರೆ, ಅದರಲ್ಲೂ ಸ್ವಂತ ಬದುಕಿನ ನೋವನ್ನು ಬರೆಯುತ್ತಿದ್ದರೆ, ಅದನ್ನು ಶಿಸ್ತಿನಿಂದ ಗೆಲ್ಲಲು ಹೋಗಬೇಡಿ. ಆ ಅಧ್ಯಾಯ ಬಿಟ್ಟು ಬೇರೆಯದನ್ನು ಬರೆಯಿರಿ. ಹತ್ತಿರದವರ ಜೊತೆ ಮಾತಾಡಿ, ಬೇಕಾದರೆ ಡಾಕ್ಟರನ್ನು ನೋಡಿ.

7. ಕೊನೆಯ ಪುಟ ಬರೆದ ಮೇಲೆ

ಕಟ್ಟು ಕಟ್ಟಿ ನಾಲ್ಕು ವಾರ ಮುಟ್ಟಬೇಡಿ. ಆದರೆ ದಿನದ ಆ 45 ನಿಮಿಷವನ್ನು ಬಿಟ್ಟುಕೊಡಬೇಡಿ. ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತು ಏನಾದರೂ ಓದಿ. ಬಿಟ್ಟುಕೊಟ್ಟರೆ ಮನೆಯ ಬೇರೆ ಕೆಲಸಗಳು ಆ ಹೊತ್ತನ್ನು ತುಂಬಿಬಿಡುತ್ತವೆ, ತಿದ್ದಲು ಬಂದಾಗ ಜಾಗ ಇರುವುದಿಲ್ಲ.

ಆಮೇಲೆ ಪ್ರಿಂಟ್ ತೆಗೆಸಿ, ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು. ತಿದ್ದುವುದಕ್ಕೂ ಕ್ರಮ ಇದೆ. ಮೊದಲ ಸುತ್ತಿನಲ್ಲಿ ಅಧ್ಯಾಯಗಳ ಜಾಗ ಮಾತ್ರ ನೋಡಿ: ಯಾವುದು ಮೊದಲು ಬರಬೇಕು, ಯಾವುದು ಬೇಡವೇ ಬೇಡ. ಎರಡನೇ ಸುತ್ತಿನಲ್ಲಿ ಪ್ರತಿ ಪ್ಯಾರಾವನ್ನು ಜೋರಾಗಿ ಓದಿ, ನಾಲಿಗೆ ತೊಡರಿದ ಕಡೆ ಗೆರೆ ಹಾಕಿ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದಿಟ್ಟ ತಪ್ಪುಗಳನ್ನೂ ಆಗಲೇ ಸರಿಪಡಿಸಿ.

ಇಲ್ಲಿಗೆ ಬಂದಾಗ ಇಬ್ಬರಿಗೆ ಓದಲು ಕೊಡಿ. "ಹೇಗಿದೆ?" ಅಂತ ಕೇಳಬೇಡಿ, "ಚೆನ್ನಾಗಿದೆ" ಅನ್ನುತ್ತಾರೆ. "ಓದುವಾಗ ಎಲ್ಲಿ ನಿಲ್ಲಿಸಿ ಪಕ್ಕಕ್ಕಿಟ್ಟಿರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ" ಅಂತ ಕೇಳಿ. ಇಬ್ಬರೂ ಒಂದೇ ಕಡೆ ಗುರುತು ಹಾಕಿದ್ದರೆ ಆ ಜಾಗವನ್ನು ಮತ್ತೆ ಬರೆಯಲೇಬೇಕು.

ಕಾಗುಣಿತ ಎಲ್ಲಕ್ಕಿಂತ ಕೊನೆಗೆ. ಡಿಟಿಪಿ ಮಾಡುವವರು, ಅಂದರೆ ಅಚ್ಚಿಗೆ ಪುಟ ಜೋಡಿಸುವವರು, ಯೂನಿಕೋಡನ್ನು ತಮ್ಮ ಫಾಂಟಿಗೆ ಬದಲಾಯಿಸಿದಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ. ಹಾಗಾಗಿ ಬದಲಾಯಿಸಿದ ಮೇಲಿನ ಪ್ರತಿಯನ್ನೇ ಕೇಳಿ ತೆಗೆದುಕೊಂಡು, ಅಕ್ಷರದ ಕೆಳಗೆ ಸ್ಕೇಲ್ ಇಟ್ಟು, ಒಂದೊಂದೇ ಸಾಲು ನೋಡಿ.